ಪಕ್ಕದ ಸೀಟಿನ ಹಾಸು

ಹಾಲು ಇನ್ನೂ ಬೆಚ್ಚಗಾಗಿರಲಿಲ್ಲ, ಅಷ್ಟರಲ್ಲಿ ಮಾವ ಬಂದು ಪಾತ್ರೆಯನ್ನು ಒಲೆಯಿಂದ ಇಳಿಸಿಬಿಟ್ಟರು. ಸೊಸೆ ಒಂದು ಕೈಯಲ್ಲಿ ಮಗಳ ಜಡೆ ಹಿಡಿದು, ಬಾಯಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿಕೊಂಡು ನಿಂತಿದ್ದಳು. ಬ್ಯಾಂಡನ್ನು ಅಂಗೈಗೆ ಉಗುಳಿ, "ಮಾವ, ಅದಿನ್ನೂ ಕಾದಿಲ್ಲ" ಅಂದಳು.

"ಹಾಲೇನು ಓಡಿಹೋಗುತ್ತಾ? ಕಾವಲಿ ಇಡಮ್ಮ. ಉರಿ ದೊಡ್ಡದು ಮಾಡು."

ಹಿಂದೆಯೇ ಗಂಡ ಬಂದ. ಅವನ ಕೈಯಲ್ಲಿ ಅಂಗೈ ಅಗಲದ ಮೂರು ತುಂಡುಗಳಿದ್ದವು. ಒಂದು ಹಳದಿ ಫೋಮ್, ಒಂದು ಕಂದು ನಾರಿನ ಫೆಲ್ಟ್, ಮತ್ತೊಂದು ಗಾಜಿನ ಎಳೆಯಿಂದ ಮಾಡಿದ ಹತ್ತಿಯಂಥ ಬಿಳಿ ಉಣ್ಣೆಗೆ ಬೆಳ್ಳಿ ಹಾಳೆ ಅಂಟಿಸಿದ್ದು. ಹಿತ್ತಲ ಶೆಡ್ಡಿನಲ್ಲಿ ವರ್ಷಗಟ್ಟಲೆ ಧೂಳು ತಿಂದು ನಿಂತಿದ್ದ ಉದ್ದ ಮೂತಿಯ ಲಾರಿಗೆ ಅಪ್ಪ ಮಗ ಸೇರಿ ಮತ್ತೆ ಜೀವ ತುಂಬುತ್ತಿದ್ದರು. ಅಂಥ ಲಾರಿಯಲ್ಲಿ ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಒಂದು ಅಡ್ಡ ತಗಡು ಇರುತ್ತದೆ. ಇಂಜಿನ್ನಿನ ಕಾವೆಲ್ಲ ಆ ತಗಡಿಗೆ ಬಡಿದು, ಅಲ್ಲಿಂದ ಕೂತವರ ಕಾಲಿಗೆ ಇಳಿಯುತ್ತದೆ. ತಗಡಿನ ಒಳಮೈಗೆ ಯಾವ ಹಾಸು ಹೊದಿಸಬೇಕು ಅನ್ನುವ ಜಗಳ ಇಷ್ಟು ದಿನ ಶೆಡ್ಡಿನಲ್ಲಿ ನಡೆದಿತ್ತು. ಇವತ್ತು ಅದು ಅಡಿಗೆಮನೆಗೆ ಬಂದಿತ್ತು.

"ಅಪ್ಪ, ಫೋಮ್ ಹಾಕಲೇಬಾರದು. ಗ್ಯಾರೇಜಲ್ಲಿ ನೋಡಿದೀನಲ್ಲ, ನೀರು ಕುಡಿದು ತಗಡು ತುಕ್ಕು ಹಿಡಿಯುತ್ತೆ" ಅಂದ ಗಂಡ.

"ನೀನು ನೋಡಿದ್ದು ಬಸ್ಸು. ಇದು ಲಾರಿ. ಇಡು ಕಾವಲಿ ಮೇಲೆ, ಅದೇ ಹೇಳುತ್ತೆ."

ಕಾವಲಿ ಹೇಳಿತು. ಫೋಮ್ ಎರಡೇ ನಿಮಿಷದಲ್ಲಿ ಕರಗಿ, ಕಪ್ಪು ಅಂಟಾಗಿ, ಮನೆಯೆಲ್ಲ ಸುಟ್ಟ ಚಪ್ಪಲಿಯ ವಾಸನೆ ತುಂಬಿತು. ಜಡೆ ಅರ್ಧಕ್ಕೇ ಬಿಟ್ಟು ಸೊಸೆ ಕಿಟಕಿ ತೆಗೆದಳು. ಮಗಳು ಮೂಗು ಮುಚ್ಚಿಕೊಂಡು, "ಇವತ್ತು ಬ್ರೆಡ್ಡಿಗೆ ಇದನ್ನೇ ಸವರ್ತೀಯಾಮ್ಮ?" ಅಂದಳು. ಒಣಗಿದ ಕಡ್ಡಿಯ ಹಾಗಿದ್ದ ಆ ಹುಡುಗಿಯನ್ನು ಮನೆಯವರೆಲ್ಲ ಕಡ್ಡಿ ಅಂತಲೇ ಕರೆಯುತ್ತಿದ್ದರು.

ಉಳಿದ ಎರಡು ತುಂಡುಗಳನ್ನು ಕಾವಲಿಯ ಮೇಲೆ ಅಕ್ಕಪಕ್ಕ ಇಟ್ಟು ಮಾವ ಕೂಗಿದರು. "ಏ ಇವಳೇ, ಬಾ ಇಲ್ಲಿ. ಕೈ ಇಡು."

ಅತ್ತೆ ಗೋಡೆ ಹಿಡಿದುಕೊಂಡು, ನೆಲ ನೋಡಿಕೊಂಡು ಬಂದರು. ಫೆಲ್ಟಿನ ಮೇಲೆ ಅಂಗೈ ಊರಿ ಸುಮ್ಮನೆ ನಿಂತರು.

"ಏನನ್ನಿಸುತ್ತೆ?"

"ಬಿಸಿ."

"ಎಷ್ಟು ಬಿಸಿ?"

"ಕಾವಲಿ ಮೇಲೆ ಇಟ್ಟು ಎಷ್ಟು ಬಿಸಿ ಅಂದ್ರೆ? ಕಾವಲಿಯಷ್ಟು ಬಿಸಿ."

"ನಿನ್ನ ಕೈನೇ ಒಂದು ಕಾವಲಿ. ನಿನ್ನ ಕೇಳಿ ಏನು ಉಪಯೋಗ?" ಮಾವ ನಕ್ಕರು. "ನೀನು ಇಡಮ್ಮ, ಹೊಲಿಗೆ ಕೈ, ನಾಜೂಕು."

ಸೊಸೆ ಇಟ್ಟಳು, ಚಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಬಿಳಿ ಉಣ್ಣೆಯ ಮೇಲೆ ಇಟ್ಟಾಗ ಮಾತ್ರ ಕೈ ನಿಂತಿತು. "ಇದು ಪರವಾಗಿಲ್ಲ ಮಾವ. ಉಗುರು ಬೆಚ್ಚಗೆ, ಅಷ್ಟೆ."

"ನೋಡಿದ್ರಾ ಅಪ್ಪ?" ಅಂದ ಗಂಡ.

"ನೋಡಿದೆ. ಆದ್ರೆ ನನ್ನ ಕಾಲದಲ್ಲಿ ಇದ್ದದ್ದು ಫೆಲ್ಟು. ಸಾಹುಕಾರರು ಹಳೇ ಥರಾನೇ ಬೇಕು ಅಂದಿದಾರೆ."

ಕಡ್ಡಿ ತಣ್ಣನೆ ಹಾಲು ಕುಡಿದು, ಒಂದು ಜಡೆ ಬಿಗಿಯಾಗಿ ಒಂದು ಸಡಿಲವಾಗಿ, ಸ್ಕೂಲಿಗೆ ಓಡಿದಳು. ಅಂಟಿದ ಫೋಮನ್ನು ಕಾವಲಿಯಿಂದ ಕೆರೆಯುವ ಕೆಲಸ ಯಾರದೆಂದು ಯಾರೂ ಕೇಳಲಿಲ್ಲ.

ಸಾಹುಕಾರರು ಅಂದರೆ ದೊಡ್ಡ ಬೀದಿಯ ಪೀಠೋಪಕರಣದ ಅಂಗಡಿಯವರು. ಊರೆಲ್ಲ ಅವರನ್ನು ಸೋಫಾ ಸಾಹುಕಾರ ಅನ್ನುತ್ತಿತ್ತು. ಹೊಸ ಸೋಫಾ, ಮಂಚಗಳನ್ನು ಹಳೇ ಕಾಲದ ಲಾರಿಯಲ್ಲಿ ಮನೆ ಮನೆಗೆ ಕಳಿಸಿದರೆ ಜನ ಬೀದಿಗೆ ಬಂದು ನೋಡುತ್ತಾರೆ, ಅಂಗಡಿಗೆ ಹೆಸರು ಬರುತ್ತದೆ ಅನ್ನುವುದು ಅವರ ಲೆಕ್ಕಾಚಾರ. ಬಸ್ ಗ್ಯಾರೇಜಿನಲ್ಲಿ ಗಂಡನ ಪಾಳಿಯನ್ನು ಅರ್ಧಕ್ಕೆ ಇಳಿಸಿದ್ದರು. ಹೀಗಾಗಿ ಲಾರಿ ಓಡಿದರೆ ಮನೆ ಓಡುತ್ತದೆ ಅನ್ನುವ ಮಾತು ಊಟದ ಹೊತ್ತಲ್ಲಿ ಪಲ್ಯದ ಜೊತೆ ದಿನವೂ ಬಡಿಸಲ್ಪಡುತ್ತಿತ್ತು.

ಆ ಮಾತಿನ ಬಾಲ ಸೊಸೆಗೆ ಗೊತ್ತಾದದ್ದು ಒಂದು ಸಂಜೆ, ಬಟಾಣಿ ಬಡಿಸುತ್ತಿದ್ದಾಗ.

"ನಾನು ಓಡಿಸ್ತೀನಿ" ಅಂತ ಗಂಡ ಅಪ್ಪನಿಗೆ ವಿವರಿಸುತ್ತಿದ್ದ. "ಇವಳು ಪಕ್ಕದ ಸೀಟಲ್ಲಿ ಕೂತ್ಕೋತಾಳೆ. ಗಾಜಿನ ಸಾಮಾನು ತೊಡೆ ಮೇಲೆ ಹಿಡ್ಕೋತಾಳೆ, ರಸೀದಿ ಬರೀತಾಳೆ, ರಿವರ್ಸ್ ತೆಗೆಯುವಾಗ ಇಳಿದು ಕೈ ತೋರಿಸ್ತಾಳೆ. ಬೇರೆ ಆಳು ಯಾಕೆ?"

ಸೌಟು ಅಲ್ಲೇ ನಿಂತಿತು. "ನನ್ನ ಹೊಲಿಗೆ?"

"ಬಂದ ಮೇಲೆ ಹೊಲಿ. ಯಾರು ಬೇಡ ಅಂದ್ರು?"

"ಬಂದ ಮೇಲೆ ಅಡಿಗೆ ಯಾರು ಮಾಡ್ತಾರೆ?"

"ಅಡಿಗೆ ಮಾಡಿ ಹೊಲಿ."

"ನಿಮ್ಮತ್ತೆ ಕೂರಲಿಲ್ವಾ?" ಮಾವ ತುತ್ತು ಕಲಸುತ್ತಾ ಅಂದರು. "ನಾನು ಇದೇ ಲಾರೀಲಿ ಇಟ್ಟಿಗೆ ಸಾಗಿಸೋ ಕಾಲದಲ್ಲಿ ಇವಳೇ ನನ್ನ ಕ್ಲೀನರು. ಚಕ್ರಕ್ಕೆ ಕಲ್ಲು ಕೊಡೋದು, ಇಟ್ಟಿಗೆ ಇಳಿಸೋದು, ಎಲ್ಲ ಇವಳೇ. ಇವನು ಹಾಲು ಕುಡಿದದ್ದೇ ಆ ಸೀಟಲ್ಲಿ. ಒಂದು ದಿನ ಗೊಣಗಿದವಳಲ್ಲ."

ಅತ್ತೆ ತಮ್ಮ ತಟ್ಟೆ ನೋಡುತ್ತಿದ್ದರು. "ಬಟಾಣಿ ಇನ್ನೊಂದು ಚೂರು ಹಾಕು" ಅಂದರು, ಅಷ್ಟೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಲೋಕ ಹೇಳುತ್ತದೆ. ಈ ಮನೆಯಲ್ಲಿ ಇಬ್ಬರಿಗೂ ಒಂದೇ ಸೀಟು ಕಾದಿತ್ತು.

ಭಾನುವಾರ ಎಲ್ಲರಿಗೂ ಕೆಲಸ ಹಂಚಿದರು. ಕಡ್ಡಿಯ ಕೈ ಸಣ್ಣದು, ಸಂದಿಗೊಂದಿಗೆ ಹೋಗುತ್ತದೆ ಅಂತ ಅವಳಿಗೆ ಉಜ್ಜುಕಾಗದ ಕೊಟ್ಟು ಪಕ್ಕದ ಸೀಟಿನ ಕಡೆ ಅಡ್ಡ ತಗಡಿನ ಹಳೇ ಬಣ್ಣ ಕೆರೆಯಲು ಕೂರಿಸಿದರು. ಹುಡುಗಿ ಬೆಳಿಗ್ಗೆಯೆಲ್ಲ ಹಾಡು ಗುನುಗುತ್ತಾ ಕೆರೆದಳು. ಮಧ್ಯಾಹ್ನ ಅಜ್ಜಿಯ ಕಾಲು ತೊಳೆಯುವ ಹೊತ್ತಿಗೆ ಮೈಯೆಲ್ಲ ಹಸಿರು ಪುಡಿ ಮೆತ್ತಿಕೊಂಡು ಹಿತ್ತಲಿಗೆ ಬಂದಳು.

ಅಜ್ಜಿಯ ಕಾಲು ತೊಳೆಯುವುದು ಅವಳದೇ ಕೆಲಸ. ಬಕೆಟ್ಟಿನ ನೀರಿಗೆ ಮೊದಲು ತನ್ನ ಮೊಣಕೈ ಅದ್ದಿ ನೋಡುತ್ತಾಳೆ, ಯಾಕೆಂದರೆ ಅಜ್ಜಿಯ ಪಾದಕ್ಕೆ ಬಿಸಿಯೂ ಒಂದೇ, ತಣ್ಣಗೂ ಒಂದೇ. ಅಂಗಾಲು ನುಣ್ಣಗೆ, ಕಂದಾಗಿ, ಇಸ್ತ್ರಿ ಪೆಟ್ಟಿಗೆ ಸೋಕಿದ ಬಟ್ಟೆಯ ಹಾಗೆ ಹೊಳೆಯುತ್ತದೆ. ಚಪ್ಪಲಿ ಕಾಲಿನಿಂದ ಜಾರಿದರೂ ತಿಳಿಯದು. ಅದಕ್ಕೇ ಅವರು ಸದಾ ನೆಲ ನೋಡಿಕೊಂಡು ನಡೆಯುತ್ತಾರೆ. ಮನೆಯಲ್ಲಿ ಎಲ್ಲರೂ ಅದನ್ನು ವಯಸ್ಸು ಅನ್ನುತ್ತಿದ್ದರು.

"ಅಮ್ಮಾ" ಅಂದಳು ಕಡ್ಡಿ, ಒಣಗಿದ ಬಟ್ಟೆ ಮಡಚುತ್ತಿದ್ದ ತಾಯಿಗೆ. "ನಾನು ಕೆರೆದ ಕಡೆ ಸಾಲಾಗಿ ತೂತು ಇದೆ. ತಾತ ಓಡಿಸ್ತಿದ್ದ ಕಡೆ ಇರೋ ಥರಾನೇ. ಅಲ್ಲೂ ಒಂದು ಹಾಸು ಇತ್ತಾ?"

"ಇದ್ದಿರಬಹುದು."

"ಹಂಗಾದ್ರೆ ಅದು ಎಲ್ಲಿ ಹೋಯ್ತು?"

ಶೆಡ್ಡಿನಿಂದ ಮಾವನ ಸುತ್ತಿಗೆ ಸದ್ದು ನಿಂತಿತು. ಸೊಸೆ ಮಗಳ ತೋಳು ಮೆಲ್ಲಗೆ ಹಿಂಡಿದಳು. "ಶ್! ಸುಮ್ಮನಿರು ಮರಿ. ನೀರು ಆರುತ್ತೆ, ತೊಳಿ."

ಅಜ್ಜಿ ಮೊಮ್ಮಗಳ ತಲೆಯ ಮೇಲಿನ ಹಸಿರು ಪುಡಿ ಕೊಡವುತ್ತಾ ಕೂತಿದ್ದರು. ಕೇಳಿಸಿತೋ ಇಲ್ಲವೋ.

ಹಾಸಿನ ಜಗಳಕ್ಕೆ ಕೊನೆಗೆ ಒಂದು ರಾಜಿ ಆಯಿತು. ಒಳಗೆ ಬಿಳಿ ಉಣ್ಣೆ, ಮೇಲೆ ಕಂದು ಫೆಲ್ಟು, ಎರಡನ್ನೂ ಸೇರಿಸಿ ಕೌದಿಯ ಹಾಗೆ ಹೊಲಿಯುವುದು. ಮಗನಿಗೆ ಹೊಸದು ಗೆದ್ದ ಸಮಾಧಾನ, ಅಪ್ಪನಿಗೆ ಹಳೇದು ಕಾಣುವ ಸಮಾಧಾನ. ಹೊಲಿಯುವವಳು ಹೇಗೂ ಮನೆಯಲ್ಲೇ ಇದ್ದಳು. ಮಾವ ಲಾರಿಯಿಂದ ಕಿತ್ತ ಹಳೇ ಹಾಸನ್ನು ತಂದು ಅವಳ ಮಿಷನ್ನಿನ ಮೇಲೆ ಹಾಕಿದರು. "ಇದರ ಅಳತೆಗೇ ಕತ್ತರಿಸಮ್ಮ. ಒಂದು ಎಳೆ ಆಚೀಚೆ ಆಗಬಾರದು."

"ಇದು ಓಡಿಸೋರ ಕಡೆದು ಮಾತ್ರ ಮಾವ. ಇದರ ಜೋಡಿ?"

"ಜೋಡಿ ಎಲ್ಲಿಂದ ಬರುತ್ತೆ? ಇದ್ದದ್ದೇ ಇಷ್ಟು. ಆ ಕಡೆ ಕಂಪನಿಯವರೇ ಹಾಕ್ತಿರಲಿಲ್ಲ."

ಹಳೇ ಹಾಸು ಎಣ್ಣೆ ಕುಡಿದು ಹಲಗೆಯ ಹಾಗೆ ಗಟ್ಟಿಯಾಗಿತ್ತು. ಅಳತೆ ತೆಗೆಯಬೇಕಾದರೆ ಅದನ್ನು ಚಪ್ಪಟೆ ಮಾಡಬೇಕು, ಚಪ್ಪಟೆ ಮಾಡಬೇಕಾದರೆ ಹೊಲಿಗೆ ಬಿಚ್ಚಬೇಕು. ಬ್ಲೇಡಿನಿಂದ ಒಂದು ಬದಿ ಬಿಚ್ಚುತ್ತಿದ್ದ ಹಾಗೇ ಅದು ಎರಡು ಹೋಳಾಗಿ ತೆರೆದುಕೊಂಡಿತು. ಮೇಲಿನ ಪದರದಲ್ಲಿ ಪೆಡಲುಗಳಿಗೆ, ಸ್ಟೇರಿಂಗ್ ಕಂಬಕ್ಕೆ ಬಿಟ್ಟ ತೂತುಗಳ ಅಂಚಿಗೆಲ್ಲ ಪಟ್ಟಿ ಇತ್ತು. ಕೆಳಗಿನ ಪದರದಲ್ಲಿ ತೂತುಗಳನ್ನು ಚಾಕುವಿನಿಂದ ಹೇಗೆ ಬೇಕೋ ಹಾಗೆ ಕುಯ್ದಿದ್ದರು, ಪಟ್ಟಿಯೂ ಇಲ್ಲ ಏನೂ ಇಲ್ಲ. ಅದನ್ನು ಮಗುಚಿ ನೋಡಿದಾಗ ಆಕಾರವೇ ಬೇರೆ. ಎಡಗೈ ಬಲಗೈ ಇದ್ದ ಹಾಗೆ, ಮೇಲಿನದರ ಜೋಡಿ ಅದು.

ಇನ್ನೂ ಒಂದು ಸಂಗತಿ ಇತ್ತು. ಎರಡನ್ನೂ ಸೇರಿಸಿದ್ದು ಕೈಹೊಲಿಗೆ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಮತ್ತೆ ಮುಂದೆ. ಈ ಮನೆಯ ಪ್ರತಿ ಕೌದಿಯ ಮೇಲೂ, ಕಡ್ಡಿ ಹುಟ್ಟಿದಾಗ ಸುತ್ತಿಕೊಂಡ ಬಟ್ಟೆಯ ಮೇಲೂ ಇದ್ದ ಹೊಲಿಗೆಯೇ ಅದು.

ಅವಳು ಆ ತುಂಡನ್ನು ಹಿಡಿದುಕೊಂಡು ಜಗುಲಿಗೆ ಹೋದಳು. ಅತ್ತೆ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಪಕ್ಕದಲ್ಲಿ ಕಡ್ಡಿ ಹೊಟ್ಟೆಯ ಮೇಲೆ ಮಲಗಿ ಮಗ್ಗಿ ಬರೆಯುತ್ತಿದ್ದಳು.

"ಅತ್ತೆ, ಇದು ನಿಮ್ಮ ಹೊಲಿಗೆ ಅಲ್ವಾ?"

ಅತ್ತೆ ಮೊರ ಪಕ್ಕಕ್ಕಿಟ್ಟು, ಹೊಲಿಗೆಯ ಮೇಲೆ ಬೆರಳಾಡಿಸಿದರು. "ನಂದೇ. ಇನ್ನೂ ಬಿಟ್ಟಿಲ್ಲ ನೋಡು!" ದನಿಯಲ್ಲಿ ಹೆಮ್ಮೆ ಇತ್ತು.

"ಕೆಳಗಿಂದು ಪಕ್ಕದ ಸೀಟಿನ ಕಡೆದು. ನಿಮ್ಮ ಕಡೆದು."

"ನನ್ನ ಕಡೆ ಅಂತ ಎಲ್ಲಿತ್ತು? ಗಾಡಿ ಅವರದು." ಅತ್ತೆ ಮತ್ತೆ ಮೊರ ಎಳೆದುಕೊಂಡರು. "ಕಾಲು ಸುಡುತ್ತೆ, ಬ್ರೇಕ್ ಒತ್ತೋಕೆ ಆಗ್ತಿಲ್ಲ ಅಂದ್ರು. ಓಡಿಸೋನು ಕಾಲು ಎತ್ತಿಬಿಟ್ರೆ ಎಲ್ಲರೂ ಹೋಗ್ತೀವಿ ಅಂದ್ರು. ನನ್ನ ಮಡಿಲಲ್ಲಿ ಇವನು ಇದ್ದ. ಕಿತ್ತು ತಂದು ಹೊಲಿ ಅಂದ್ರು. ಹೊಲಿದೆ."

"ಆ ಕಡೆಗೆ ಹೊಸದು ಹಾಕಿಸಬಹುದಿತ್ತಲ್ಲ?"

"ಹಾಕಿಸ್ತೀನಿ ಅಂದ್ರು." ಅತ್ತೆ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. "ಗಾಡಿ ಕೆಟ್ಟು ನಿಲ್ಲೋವರೆಗೂ ಹಾಕಿಸ್ತೀನಿ ಅಂತಾನೇ ಇದ್ರು."

"ನೀವು ಕೇಳಲಿಲ್ವಾ?"

"ಏನಂತ ಕೇಳಲಿ? ಒಂದು ಸಲ ಹೇಳಿದೆ, ಬಿಸಿ ಆಗುತ್ತೆ ಅಂತ. ಅಡಿಗೆ ಒಲೆ ಮುಂದೆ ಕೂರಲ್ವಾ ಅಂದ್ರು. ಕೂರ್ತೀನಲ್ಲ ಮತ್ತೆ. ಏನು ಹೇಳೋದು?"

ಕಡ್ಡಿಯ ಪೆನ್ಸಿಲ್ ಯಾವಾಗಲೋ ನಿಂತಿತ್ತು. ಅಡಿಗೆಮನೆಗೆ ತಾಯಿಯ ಹಿಂದೆಯೇ ಬಂದು ಸೆರಗು ಎಳೆದಳು. "ಅಮ್ಮ, ತಾತ ಯಾಕೆ ಕಂಪನಿಯವರು ಹಾಕ್ತಿರಲಿಲ್ಲ ಅಂದ್ರು? ಕೇಳಲಾ?"

"ಬೇಡ."

"ಯಾಕೆ?"

"ದೊಡ್ಡವರ ವಿಷಯ. ನಿನ್ನ ಮಗ್ಗಿ ನೋಡು ಹೋಗು."

ಆಮೇಲೆ ಆ ಮಾತು ಸೊಸೆಗೇ ಚುಚ್ಚಿತು. ಎಲ್ಲರ ಬಾಯಿಗೂ ಬೆಣ್ಣೆ ಸವರುತ್ತಾ ಬಂದವಳು ತಾನು. ಈಗ ಮಗಳ ಬಾಯಿಗೆ ಬೀಗ ಹಾಕುವುದನ್ನೂ ಕಲಿತಿದ್ದೇನೆ ಅಂದುಕೊಂಡಳು.

ಮರುದಿನ ಗಂಡ ಪಾಳಿ ಮುಗಿಸಿ ಊಟಕ್ಕೆ ಕೂತಾಗ ಕೇಳಿದಳು. "ರೀ, ನನ್ನ ಕಡೆಗೂ ಒಂದು ತುಂಡು ತನ್ನಿ. ಅಂಗಡಿಯಲ್ಲಿ ಇನ್ನೂ ಇದೆಯಲ್ಲ."

"ಅಪ್ಪ ಬೇಡ ಅಂದ್ರು. ಆ ಕಡೆ ಮೊದಲಿಂದ್ಲೂ ಇರಲಿಲ್ವಂತೆ."

"ಇತ್ತು. ತೂತುಗಳಿವೆ. ನಿಮ್ಮ ಮಗಳೇ ಕೆರೆದು ತೆಗೆದಳು."

ಗಂಡ ಅನ್ನ ಕಲಸುತ್ತಾ, "ನೋಡಿದೆ" ಅಂದ. "ಪುಟ್ಟಿ ತುಂಬಿ ಮುಚ್ಚಿದೀನಿ."

"ನೋಡಿದ ಮೇಲೂ ಮುಚ್ಚಿದ್ರಾ?"

"ಮತ್ತೇನು ಮಾಡಲಿ? ಗಾಡಿ ಇನ್ನೂ ಅಪ್ಪನ ಹೆಸರಲ್ಲಿದೆ. ಕೆಲಸ ಮುಗಿದ ಮೇಲೆ ನನ್ನ ಹೆಸರಿಗೆ ಮಾಡ್ತೀನಿ ಅಂದಿದಾರೆ. ಈಗ ಅವರ ಜೊತೆ ತೂತಿನ ಲೆಕ್ಕಕ್ಕೆ ಜಗಳ ಆಡಲಾ? ಹೆಸರು ಬದಲಾಗಲಿ, ಒಂದಲ್ಲ, ಎರಡು ಹಾಸು ಹಾಕಿಸ್ತೀನಿ."

"ನಿಮ್ಮಪ್ಪನೂ ನಿಮ್ಮಮ್ಮನಿಗೆ ಹಿಂಗೇ ಹೇಳಿದ್ರು."

"ಊಟಕ್ಕೆ ಕೂತಾಗಲೇ ಶುರು ಮಾಡ್ತೀಯ ನೀನು!" ತಟ್ಟೆ ದೂಡಿ ಎದ್ದ. "ನಾನು ಯಾರಿಗೋಸ್ಕರ ಒದ್ದಾಡ್ತಿರೋದು? ಚಪ್ಪಲಿ ಹಾಕ್ಕೊಂಡೇ ಕೂರ್ತೀಯಲ್ಲ, ಏನು ಬರಿಗಾಲಲ್ಲಿ ಕೂರ್ತೀಯಾ?"

ಬಿಟ್ಟ ಅನ್ನವನ್ನು ಅವಳು ನಾಯಿಗೆ ಹಾಕಿದಳು.

ಬಿಳಿ ಉಣ್ಣೆ ಹೊಲಿಯುವುದೆಂದರೆ ಗಾಜಿನ ಪುಡಿಯಲ್ಲಿ ಕೈಯಾಡಿಸಿದ ಹಾಗೆ. ಮುಖಕ್ಕೆ ಬಟ್ಟೆ ಕಟ್ಟಿ, ಗಂಡನ ಹಳೇ ಅಂಗಿ ತೊಟ್ಟು ಹೊಲಿದರೂ ಮೈಯೆಲ್ಲ ತುರಿಕೆ. ಮಿಷನ್ನಿನ ಸೂಜಿ ಮುರಿಯಿತು, ಹೊಸದು ಹಾಕಿದಳು, ಅದೂ ಮುರಿಯಿತು. ಕಡ್ಡಿ ಸ್ಕೂಲಿನಿಂದ ಬಂದು ತಬ್ಬಿಕೊಳ್ಳಲು ಓಡಿ ಬಂದರೆ, "ಬೇಡ ಮರಿ, ಚುಚ್ಚುತ್ತೆ, ಸ್ನಾನ ಮಾಡಿ ನಾನೇ ಬರ್ತೀನಿ" ಅಂತ ದೂರ ನಿಲ್ಲಿಸುತ್ತಿದ್ದಳು. ಹುಡುಗಿ ಬಾಗಿಲಲ್ಲೇ ಕೂತು, ಸ್ಕೂಲಿನ ಸುದ್ದಿಯನ್ನೆಲ್ಲ ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು.

ಕತ್ತರಿಸಿ ಉಳಿದ ಚೂರುಪಾರುಗಳನ್ನು ಅವಳು ಎಸೆಯಲಿಲ್ಲ. ಉಣ್ಣೆಯ ಪಟ್ಟಿಗಳು, ಫೆಲ್ಟಿನ ಮೂಲೆಗಳು, ಎಲ್ಲವನ್ನೂ ಜೋಡಿಸಿ ಒಂದು ಚಿಕ್ಕ ಹಾಸು ಹೊಲಿದಳು. ಇಡೀ ತಗಡಿಗೆ ಸಾಲದಿದ್ದರೂ ಎರಡು ಪಾದ ಊರುವಷ್ಟು ಇತ್ತು. ಅಂಚಿಗೆ ಒಂದು ಹಳೇ ಪರದೆಯ ನೀಲಿ ಬಟ್ಟೆಯ ಪಟ್ಟಿ ಕೊಟ್ಟಳು. ಹೊಲಿದು ಮುಗಿಸಿದಾಗ ಬಹಳ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು. ಕಡ್ಡಿ ಅದನ್ನು ನೋಡಿ, "ಇದು ಅಮ್ಮನ ಕಡೆದು!" ಅಂತ ಚಪ್ಪಾಳೆ ತಟ್ಟಿದಳು.

ಎರಡು ಹಾಸುಗಳನ್ನೂ ಶೆಡ್ಡಿಗೆ ಒಯ್ದಳು. ದೊಡ್ಡದನ್ನು ಮಾವ ತಗಡಿಗೆ ಒತ್ತಿ ಹಿಡಿದರು. ಮಗ ತಿರುಪು ಕೂರಿಸಿದ. ಎಳೆ ಆಚೀಚೆ ಇಲ್ಲದ ಹಾಗೆ ಕೂತಿತು. "ಶಭಾಷ್ ಕಣಮ್ಮ" ಅಂದರು ಮಾವ, ಮನಸ್ಸಿನಿಂದಲೇ. ಆಮೇಲೆ ಅವಳ ಕೈಯಲ್ಲಿದ್ದ ಚಿಕ್ಕದರ ಮೇಲೆ ಕಣ್ಣು ಬಿತ್ತು. "ಇದೇನಿದು? ಕೊಡು ಇಲ್ಲಿ." ತಿರುಗಿಸಿ ನೋಡಿ, ಹಿಸುಕಿ ನೋಡಿ, ಮಗನಿಗೆ ಕೊಟ್ಟರು. "ಲೋ, ಇದು ನಿನ್ನ ಬಲಗಾಲಿಗೆ. ಆಕ್ಸಿಲೇಟರ್ ಹತ್ತಿರ ಕಾವು ಜಾಸ್ತಿ ಬರುತ್ತೆ, ಅಲ್ಲಿಗೆ ಇನ್ನೊಂದು ಪದರ ಆಗಲಿ."

"ಅದು ಈ ಕಡೆಗೆ ಮಾವ. ನಾನು ಕೂರೋ ಕಡೆಗೆ."

"ಆ ಕಡೆಗೆ ಯಾಕೆ?" ಮಾವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ನೀನೇನು ಪೆಡಲ್ ಒತ್ತುತ್ತೀಯಾ?"

ಸೊಸೆ ಗಂಡನ ಮುಖ ನೋಡಿದಳು. ಅವನು ತಿರುಪಿನ ಡಬ್ಬಿಯಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದ. ಆಮೇಲೆ ನೀಲಿ ಅಂಚಿನ ಹಾಸನ್ನು ತನ್ನ ಪೆಡಲ್ ಪಕ್ಕ ಇಟ್ಟು ತಿರುಪು ಬಿಗಿದ.

ಅವಳ ಪಕ್ಕದಲ್ಲಿ ನಿಂತಿದ್ದ ಕಡ್ಡಿ ಬಾಯಿ ತೆರೆದಳು. ತಾಯಿ ಅವಳ ಭುಜದ ಮೇಲೆ ಕೈ ಇಟ್ಟಳು. ಬಾಯಿ ಮುಚ್ಚಿತು.

ಲಾರಿ ಮೊದಲ ಸಲ ಶೆಡ್ಡು ಬಿಟ್ಟ ದಿನ ಬೀದಿಯ ಮಕ್ಕಳೆಲ್ಲ ಹಿಂದೆ ಓಡಿದರು. ಸೋಫಾ ಸಾಹುಕಾರರಿಗೆ ತೋರಿಸುವ ಮೊದಲು ಒಂದು ಸುತ್ತು ಹೋಗಿ ಬರೋಣ, ಪರೀಕ್ಷೆ ಆಗಲಿ ಅಂತ ಗಂಡ ಹೆಂಡತಿಯನ್ನು ಹತ್ತಿಸಿಕೊಂಡ. ಊರು ದಾಟಿ, ಹೊಗೆ ಕಾರುವ ಇಟ್ಟಿಗೆ ಗೂಡುಗಳನ್ನು ದಾಟಿ, ಏರು ರಸ್ತೆಯವರೆಗೆ ಹೋದರು. ಗಂಡ ಹುಡುಗನ ಹಾಗೆ ಹಾರ್ನ್ ಒತ್ತುತ್ತಿದ್ದ. "ಎಷ್ಟು ಚೆನ್ನಾಗಿ ಎಳೀತಿದೆ ನೋಡೇ! ನನ್ನ ಕಾಲಿಗೆ ಕಾವು ಅನ್ನೋದೇ ಗೊತ್ತಾಗ್ತಿಲ್ಲ!"

ಏರು ಶುರುವಾಗುತ್ತಿದ್ದ ಹಾಗೆ ಅವಳ ಚಪ್ಪಲಿಯ ಅಟ್ಟೆ ಮೆತ್ತಗಾಯಿತು. ಹೊಗೆಯ ಪೈಪು ಹಾದು ಹೋಗುವುದು ಅದೇ ಕಡೆ. ಕಾಲು ಎತ್ತಿ ಸೀಟಿನ ಮೇಲಿಟ್ಟುಕೊಳ್ಳೋಣ ಅಂದರೆ ತೊಡೆಯ ಮೇಲೆ, ಗಾಜಿನ ಸಾಮಾನು ಹಿಡಿಯುವ ಅಭ್ಯಾಸಕ್ಕೆಂದು ಗಂಡ ಕೊಟ್ಟಿದ್ದ ಹಳೇ ಕನ್ನಡಿ.

"ನಿಲ್ಲಿಸ್ರೀ, ಸುಡ್ತಿದೆ."

"ಏರಲ್ಲಿ ನಿಲ್ಲಿಸೋಕಾಗುತ್ತಾ? ಇನ್ನೊಂದು ಚೂರು."

ಮನೆಗೆ ಬಂದು ಇಳಿದಾಗ ಎರಡೂ ಅಂಗಾಲಿನ ಮುಂಭಾಗದಲ್ಲಿ ಬೊಬ್ಬೆ ಎದ್ದಿತ್ತು. ಗಂಡ ನೋಡಿದ, ಮುಖ ಸಣ್ಣದು ಮಾಡಿಕೊಂಡ. "ದಪ್ಪ ಅಟ್ಟೆಯ ಚಪ್ಪಲಿ ತರೋಣ. ಅಭ್ಯಾಸ ಆಗುತ್ತೆ" ಅಂದ. ಮಾವ ಬಗ್ಗಿ ನೋಡಿ, ತಮಗೆ ತಿಳಿದ ಸಮಾಧಾನ ಹೇಳಿದರು. "ಇವಳಿಗೂ ಮೊದಮೊದಲು ಹಂಗೇ ಆಗ್ತಿತ್ತು. ಆಮೇಲೆ ಏನೂ ಗೊತ್ತಾಗ್ತಿರಲಿಲ್ಲ."

ಸಂಜೆ ಅತ್ತೆ ಎಣ್ಣೆಯ ಬಟ್ಟಲು ಹಿಡಿದುಕೊಂಡು ಬಂದು ಸೊಸೆಯ ಕಾಲ ಬುಡದಲ್ಲಿ ಕೂತರು. ಬೇಡ ಬೇಡ ಅಂದರೂ ಬಿಡಲಿಲ್ಲ. ಬೊಬ್ಬೆ ಒಡೆಯದ ಹಾಗೆ ಸುತ್ತಲೂ ಸವರುತ್ತಾ, ಗುಟ್ಟಿನ ಅಡಿಗೆ ಹೇಳಿಕೊಡುವ ದನಿಯಲ್ಲಿ ಹೇಳಿದರು. "ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಕಾಲ ಕೆಳಗೆ ಹಾಕ್ಕೋ. ಒಂದು ಬಾಟಲಿ ನೀರು ಇಟ್ಕೊಂಡು ಆಗಾಗ ಚಿಮುಕಿಸ್ತಾ ಇರು. ಕಾಲು ಒಂದೇ ಕಡೆ ಊರಬೇಡ, ಬದಲಾಯಿಸ್ತಾ ಇರು. ಏರಲ್ಲಿ ಹಿಮ್ಮಡಿ ಮಾತ್ರ ಊರು. ಸ್ವಲ್ಪ ದಿನ, ಅಷ್ಟೆ."

"ಸ್ವಲ್ಪ ದಿನ ಆದ ಮೇಲೆ ಅತ್ತೆ?"

ಅತ್ತೆ ಇನ್ನೊಂದು ಪಾದವನ್ನು ಮಡಿಲಿಗೆ ಎಳೆದುಕೊಂಡರು. "ಆಮೇಲೆ ನೋವಿರಲ್ಲ."

ಬಕೆಟ್ಟಿನಲ್ಲಿ ನೀರು ತಂದ ಕಡ್ಡಿ ಬಾಗಿಲಲ್ಲಿ ನಿಂತು ಎರಡು ಜೊತೆ ಕಾಲುಗಳನ್ನು ನೋಡಿದಳು. ಮೊಣಕೈ ಅದ್ದಿ ನೀರಿನ ಬಿಸಿ ನೋಡಿದಳು. ಅಜ್ಜಿಯ ಕಡೆ ಇಡುವುದೋ ಅಮ್ಮನ ಕಡೆ ಇಡುವುದೋ ತಿಳಿಯದೆ ಇಬ್ಬರ ನಡುವೆ ಇಟ್ಟು ಹೊರಗೆ ಹೋದಳು. ಆ ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಅಂದಳು.

ಸಾಹುಕಾರರು ಬರುವ ದಿನ ಮಾವ ಬೆಳಿಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು, ಲಾರಿಯ ಮೂತಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ ಒರೆಸಿ ಮಿಂಚಿಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಸೊಸೆ ಅಡಿಗೆಮನೆಯಲ್ಲಿ ತನಗೆ ತಾನೇ ಅಂದುಕೊಂಡು ಚಹಾಕ್ಕೆ ನೀರಿಟ್ಟಳು. ಕಾಲಿಗೆ ಬಟ್ಟೆ ಕಟ್ಟಿಕೊಂಡು ಹಿಮ್ಮಡಿಯ ಮೇಲೆ ನಡೆಯುತ್ತಿದ್ದಳು.

ಸೋಫಾ ಸಾಹುಕಾರರು ದಪ್ಪಗೆ, ನಗುಮುಖದವರು. ಲಾರಿಯನ್ನು ಸುತ್ತು ಹಾಕಿ, ಬಾಗಿಲು ಬಡಿದು ನೋಡಿ, "ವಾಹ್ ಯಜಮಾನರೇ, ಮದುವೆ ಹೆಣ್ಣಿನ ಹಾಗೆ ಮಾಡಿಬಿಟ್ಟಿದೀರಿ!" ಅಂದರು. ಗಂಡ ಇಂಜಿನ್ ಚಾಲೂ ಮಾಡಿದ. ಸಾಹುಕಾರರು ಪಕ್ಕದ ಸೀಟಿಗೆ ಹತ್ತಿ ಕೂತು, ಮುಂದಿನ ಗಾಜಿನಿಂದ ಹೊರಗೆ ನೋಡುತ್ತಾ, ಯಾವ ಯಾವ ಬೀದಿಗೆ ಮೊದಲು ಹೋಗಬೇಕೆಂದು ಹೇಳತೊಡಗಿದರು. ಮಾವ ಬಾಗಿಲ ಹತ್ತಿರ ನಿಂತು ಇಂಜಿನ್ನಿನ ಗುಣಗಾನ ಮಾಡಿದರು. ಮಾತು ಉದ್ದವಾಯಿತು. ಇಂಜಿನ್ ಓಡುತ್ತಲೇ ಇತ್ತು. ಸೊಸೆ ಚಹಾದ ತಟ್ಟೆ ಹಿಡಿದುಕೊಂಡು ಬಂದಾಗ ಸಾಹುಕಾರರು ಸೀಟಿನ ಮೇಲೆ ಎರಡೂ ಕಾಲು ಎತ್ತಿಟ್ಟುಕೊಂಡು ಕೂತಿದ್ದರು.

"ಅಯ್ಯೋ, ಇದೇನ್ರೀ ಈ ಕಡೆ ಇಷ್ಟು ಸುಡುತ್ತೆ! ನನ್ನ ಬೂಟೇ ಬಿಸಿಯಾಯ್ತಲ್ಲ!"

"ಅದು ಹಂಗೇ ಸಾರ್" ಅಂದರು ಮಾವ, ನಗುತ್ತಾ. "ಈ ಕಡೆ ಹಾಸು ಮೊದಲಿಂದ್ಲೂ ಇಲ್ಲ. ಕಂಪನಿಯವರೇ ಹಾಕ್ತಿರಲಿಲ್ಲ. ಹಳೇ ಥರಾನೇ ಬೇಕು ಅಂದ್ರಲ್ಲ, ಒಂದು ತಿರುಪೂ ಬದಲಾಯಿಸಿಲ್ಲ ನೋಡಿ. ಇದೇ ಸೀಟಲ್ಲಿ ನಮ್ಮವಳು ಅಷ್ಟು ವರ್ಷ ಕೂತಿದಾಳೆ. ಒಂದು ದಿನ ಬಿಸಿ ಅಂದವಳಲ್ಲ. ಬೇಕಾದ್ರೆ ಅವಳನ್ನೇ ಕೇಳಿ."

ಅತ್ತೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಾಹುಕಾರರು ಅವರ ಕಡೆ ತಿರುಗಿ, "ಹೌದೇನಮ್ಮಾ?" ಅಂತ ಕೂಗಿ ಕೇಳಿದರು.

ಅತ್ತೆ ಗಂಡನನ್ನು ನೋಡಿದರು, ಮಗನನ್ನು ನೋಡಿದರು. "ಹೌದು" ಅಂದರು.

ಇಂಜಿನ್ ನಿಲ್ಲಿಸಿದರು. ಶೆಡ್ಡಿನಲ್ಲಿ ಬಿಸಿ ತಗಡು ಆರುವ ಟಿಕ್ ಟಿಕ್ ಸದ್ದು ಮಾತ್ರ ಉಳಿಯಿತು. ಅಜ್ಜಿಯ ಕುರ್ಚಿಯ ಹಿಂದೆ ನಿಂತಿದ್ದ ಕಡ್ಡಿ ಮುಂದೆ ಬಂದು ತಾಯಿಯ ಮುಖ ನೋಡಿದಳು. ಆ ನೋಟ ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಹಿತ್ತಲಲ್ಲಿ ಅದನ್ನು ತೋಳು ಹಿಂಡಿ ತಡೆದಿದ್ದಳು, ಅಡಿಗೆಮನೆಯಲ್ಲಿ ಮಗ್ಗಿಯ ನೆಪ ಹೇಳಿ ತಡೆದಿದ್ದಳು, ಇದೇ ಶೆಡ್ಡಿನಲ್ಲಿ ಭುಜ ಒತ್ತಿ ತಡೆದಿದ್ದಳು. ಸುಮ್ಮನಿರು ಅನ್ನುವ ಮಾತು ಈಗಲೂ ನಾಲಿಗೆಯ ತುದಿಗೆ ಬಂತು. ಗಂಡ ಕಣ್ಣಿನಲ್ಲೇ, ಅವಳನ್ನು ಒಳಗೆ ಕಳಿಸು ಅಂದ.

ಸೊಸೆ ಮಾತು ನುಂಗಿಕೊಂಡಳು. ಚಹಾದ ತಟ್ಟೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

ಕಡ್ಡಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಓಡಿಸುವವರ ಬಾಗಿಲಿನಿಂದ ಒಳಗೆ ಬಗ್ಗಿ ನೋಡಿ, ತಿರುಗಿ, ಸ್ಕೂಲಿನಲ್ಲಿ ಟೀಚರನ್ನು ಕೇಳುವಷ್ಟು ಸ್ಪಷ್ಟವಾಗಿ ಕೇಳಿದಳು.

"ತಾತ, ಹಂಗಾದ್ರೆ ಅಜ್ಜಿ ಕಡೆಯ ಹಾಸು ನಿಮ್ಮ ಕಾಲ ಕೆಳಗೆ ಹೇಗೆ ಬಂತು?"